ಬಾಡೂಟದಲ್ಲಿ ಶುರುವಾದ ಭಾವ-ಬಾಮೈದರ ಜಗಳ

(ಗುರುತು ಸಿಗದಂತೆ ಊರು, ವಯಸ್ಸು, ಕಸುಬು ಬದಲಿಸಿದ್ದೇನೆ. ಮನೆಯವರೆಲ್ಲರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

2023ರ ಏಪ್ರಿಲ್, ಚುನಾವಣೆಯ ಕಾವು ಏರುತ್ತಿದ್ದ ಸಮಯ. ಮಂಡ್ಯ ಕಡೆಯ ಗಂಡ-ಹೆಂಡತಿ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದರು. ಗಂಡನಿಗೆ ಐವತ್ತು ದಾಟಿದೆ, ಗೊಬ್ಬರದ ಅಂಗಡಿ ಇದೆ. ರಾತ್ರಿ ನಿದ್ದೆ ಇಲ್ಲ, ಬಿಪಿ ಏರಿದೆ. ಹೆಂಡತಿಯ ದೂರು ಬೇರೆ. "ನನ್ನ ತವರಿಗೆ ಕಾಲೇ ಇಡಲ್ಲ ಅಂತಾರೆ ಮೇಡಂ. ನನ್ನ ತಮ್ಮನ ಮಗೂಗೆ ನಾಮಕರಣ ಇದೆ, ಅದಕ್ಕೂ ಬರಲ್ವಂತೆ."

ಜಗಳ ಆಗಿದ್ದು ಯುಗಾದಿ ಕಳೆದ ಭಾನುವಾರ, ಮಾವನ ಮನೆಯ ಬಾಡೂಟದಲ್ಲಿ. ಎರಡು ದಿನ ಮುಂಚೆ, ಮಾರ್ಚ್ 24ಕ್ಕೆ, ಬೊಮ್ಮಾಯಿ ಸರ್ಕಾರ ಮುಸ್ಲಿಮರಿಗೆ ಹಿಂದುಳಿದ ವರ್ಗಗಳ 2ಬಿ ಪ್ರವರ್ಗದಲ್ಲಿದ್ದ ಶೇ 4ರ ಮೀಸಲಾತಿ ತೆಗೆದು ಒಕ್ಕಲಿಗರಿಗೆ 2, ಲಿಂಗಾಯತರಿಗೆ 2 ಹಂಚುವ ತೀರ್ಮಾನ ಮಾಡಿತ್ತು. ಒಕ್ಕಲಿಗರದು 4ರಿಂದ 6ಕ್ಕೆ ಏರಬೇಕಿತ್ತು. ಇವರೂ ಒಕ್ಕಲಿಗರು, ಮಗಳು ಪಿಯುಸಿ ಮುಗಿಸಿ ಸಿಇಟಿಗೆ ಓದುತ್ತಿದ್ದಳು. ಖುಷಿಯಾಗದೆ ಇರುತ್ತಾ? ಊಟಕ್ಕೆ ಕೂತಾಗ ಹೇಳಿಯೂಬಿಟ್ಟರು. ಬಾಮೈದ ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಕಾಂಗ್ರೆಸ್ ಕಡೆ. ಮಾತಿಗೆ ಮಾತು ಬೆಳೆದು ಅವನು ಎಲ್ಲರೆದುರಿಗೆ "ಭಾವ, ನೀವು ಪಕ್ಕಾ ಕೋಮುವಾದಿ ಆಗ್ಬಿಟ್ಟಿದ್ದೀರಿ" ಅಂದ. ಇವರು "ನೀನು ಓಲೈಕೆ ಗಿರಾಕಿ ಕಣೋ" ಅಂದು ಎಲೆ ಬಿಟ್ಟು ಎದ್ದರು.

ಮೊದಲ ದಿನ ಇವರು ನನ್ನ ಮುಂದೆ ಇಟ್ಟಿದ್ದು ಒಂದು ದೊಡ್ಡ ಪಟ್ಟಿ. ಅಂಗಡಿಗೆ ಮಾಲು ತರುವ ಲಾರಿ ಡ್ರೈವರ್ ಸಾಬರು, ಬಕ್ರೀದ್‌ಗೆ ಅವರ ಮನೆಯಿಂದ ಬಿರಿಯಾನಿ ಬರುತ್ತೆ, ಊರಿನ ದರ್ಗಾದ ಉರುಸಿಗೆ ತಪ್ಪದೆ ಕಾಣಿಕೆ ಕೊಡುತ್ತಾರೆ. "ನಾನು ಕೋಮುವಾದಿನಾ ಹೇಳಿ ಮೇಡಂ." ನಾನು ಹೇಳಲಿಲ್ಲ. ಹೌದು ಅಂದರೂ ಅಲ್ಲ ಅಂದರೂ ನಾನೂ ಒಂದು ಪಕ್ಷದವಳಾಗುತ್ತೇನೆ, ಅಷ್ಟೇ. ಅದರ ಬದಲು, ಬಾಮೈದ ಆ ಮಾತು ಅನ್ನುವುದಕ್ಕೆ ಮುಂಚೆ ನೀವು ಹೇಳಿದ ಕೊನೆಯ ಮಾತು ಯಾವುದು ಅಂತ ಕೇಳಿದೆ. ಸೀಟಿನ ವಿಷಯ ಹೇಳಿದರು. ಅದಾದ ಮೇಲೆ? ನೆನಪಿಲ್ಲ ಅಂದರು. ಹೆಂಡತಿ ಸೆರಗಿನ ತುದಿ ಸುತ್ತುತ್ತಾ ಕೂತಿದ್ದವರು ತಲೆ ಎತ್ತದೆ ಹೇಳಿದರು: "ಪಂಕ್ಚರ್ ಹಾಕೋರಿಗೆ ಇಂಜಿನಿಯರಿಂಗ್ ಸೀಟು ಯಾಕೆ ಅಂದ್ರು."

ಇಡೀ ಪ್ರಕರಣ ಇರುವುದು ಇಲ್ಲಿ. ಮಗಳಿಗೆ ಸೀಟು ಸಿಗಲಿ ಅನ್ನುವುದು ಅಪ್ಪನಾದವನ ಆಸೆ. ಧರ್ಮದ ಆಧಾರದ ಮೇಲೆ ಮೀಸಲಾತಿ ಇರಬಾರದು ಅನ್ನುವುದೂ ಒಂದು ವಾದವೇ, ಅದಕ್ಕೆ ಎದುರು ವಾದವೂ ಇದೆ, ಎರಡೂ ಕೋರ್ಟಿನ ತನಕ ಹೋಗಿವೆ. ಆದರೆ ಪಂಕ್ಚರ್ ಮಾತು ವಾದ ಅಲ್ಲ, ಒಂದು ಸಮುದಾಯದ ಮಕ್ಕಳನ್ನೆಲ್ಲ ಒಟ್ಟಿಗೆ ಹೀಯಾಳಿಸಿದ್ದು. ಬಾಮೈದ ಆ ಮಾತನ್ನು ಹಿಡಿಯಲಿಲ್ಲ, ಮನುಷ್ಯನನ್ನೇ ಹಿಡಿದ. ಇವರಿಗೆ ಅದೇ ಅನುಕೂಲ ಆಯ್ತು. ಆಡಿದ ಮಾತನ್ನು ಬದಿಗಿಟ್ಟು, ಬಿರಿಯಾನಿ ಲೆಕ್ಕ ಹೇಳಿಕೊಂಡು ತಿರುಗಾಡಲು ದಾರಿ ಸಿಕ್ಕಿತು.

ಇನ್ನೊಂದು ಸಂಗತಿ ನನ್ನ ನಾಲಿಗೆ ತುದಿಯಲ್ಲಿತ್ತು. ಇವರು ಮೊದಲಿನಿಂದ ದಳದವರು, ಮೊನ್ನೆ ಮೊನ್ನೆ ಕಮಲದ ಕಡೆ ವಾಲಿದ್ದು. ಆ ಶೇ 4 ಜಾರಿಗೆ ಬಂದಿದ್ದು 1995ರಲ್ಲಿ, ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ! ವಾದ ಗೆಲ್ಲೋಕೆ ಇದಕ್ಕಿಂತ ಬೇಕಾ? ಆದರೆ ನನ್ನ ಹತ್ತಿರ ಬಂದವರನ್ನು ಸೋಲಿಸಿ ನನಗೇನು ಆಗಬೇಕು, ಸುಮ್ನೆ ಇದ್ದೆ.

ಅವರಿಗೆ ಕೊಟ್ಟ ಸಲಹೆ ಹೀಗಿತ್ತು. ಪಟ್ಟಿ ಒಪ್ಪಿಸುವುದನ್ನು ಮೊದಲು ನಿಲ್ಲಿಸಿ, ಅದನ್ನು ಯಾರೂ ನಂಬಲ್ಲ, ಕೇಳುವವರಿಗೆ ಇನ್ನೂ ಅನುಮಾನ ಜಾಸ್ತಿಯಾಗುತ್ತೆ. ಸೀಟಿನ ಬಗ್ಗೆ ನಿಮ್ಮ ಅಭಿಪ್ರಾಯ ಬದಲಿಸಿ ಅಂತ ನಾನು ಹೇಳಲ್ಲ. ಪಂಕ್ಚರ್ ಮಾತು ಮಾತ್ರ ವಾಪಸ್ ತಗೊಳ್ಳಿ, ಅದನ್ನೂ ಬಾಮೈದನಿಗಿಂತ ಮೊದಲು ಮಗಳ ಹತ್ತಿರ ಹೇಳಿ. ಯಾಕೆಂದರೆ ಮಗಳು ಅವತ್ತಿನಿಂದ ಅಪ್ಪನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಇವರು ಅದನ್ನು "ಅವಳ ಸೋದರಮಾವ ತಲೆ ಕೆಡಿಸಿದ್ದಾನೆ" ಅಂದುಕೊಂಡಿದ್ದರು. ಅವಳ ಜೊತೆ ಟ್ಯೂಷನ್‌ಗೆ ಹೋಗುವ ಹುಡುಗಿಯೊಬ್ಬಳು ಅದೇ 2ಬಿಯವಳು ಅನ್ನುವುದು ಇವರಿಗೆ ಗೊತ್ತೇ ಇರಲಿಲ್ಲ.

ಬಾಮೈದನನ್ನೂ ಒಮ್ಮೆ ಕರೆಸಿದೆ. ಒಳ್ಳೆಯ ಹುಡುಗ, ಸ್ವಲ್ಪ ಬಿರುಸು. ಇದಕ್ಕೆ ಮುಂಚೆ ಭಾವನಿಗೆ ಆ ಪದ ಯಾವಾಗೆಲ್ಲ ಬಳಸಿದ್ದೀರಿ ಅಂತ ಕೇಳಿದರೆ ಯೋಚಿಸಿ ಯೋಚಿಸಿ ಹೇಳಿದ. ಹಿಜಾಬ್ ಗಲಾಟೆ ಟೈಮಲ್ಲಿ ಒಮ್ಮೆ. ಗ್ಯಾಸ್ ಸಿಲಿಂಡರ್ ರೇಟಿನ ಮಾತಲ್ಲಿ ಒಮ್ಮೆ. ಮೋದಿ ಮೈಸೂರು ಹೆದ್ದಾರಿ ಉದ್ಘಾಟನೆಗೆ ಮಂಡ್ಯಕ್ಕೆ ಬಂದಾಗ ಭಾವ ನೋಡೋಕೆ ಹೋಗಿದ್ದಕ್ಕೆ ಇನ್ನೊಮ್ಮೆ. ಸಿಲಿಂಡರಿಗೂ ಅದೇ ಬೈಗುಳ, ಪಂಕ್ಚರ್ ಮಾತಿಗೂ ಅದೇ ಬೈಗುಳ ಅಂದರೆ ಭಾವನಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಆ ಹೊತ್ತಿನಲ್ಲಿ ಕೇಳಬೇಕಿದ್ದದ್ದು "ಭಾವ, ಪಂಕ್ಚರ್ ಅಂದ್ರಲ್ಲ, ಆ ಮಾತು ಯಾಕೆ?" ಅಂತ ಇಷ್ಟೇ. ಅದಕ್ಕೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ.

ಮನೆಯಲ್ಲಿ ರಾಜಕೀಯವೇ ಬೇಡ ಅಂತ ನಿಯಮ ಮಾಡೋಣವಾ ಅಂತ ಹೆಂಡತಿ ಕೇಳಿದರು. ಮಂಡ್ಯದವರಿಗೆ, ಅದೂ ಎಲೆಕ್ಷನ್ ವರ್ಷದಲ್ಲಿ! ಆಗದ ಮಾತು ಅಂದೆ. ಮಾತಾಡಲಿ, ಜಗಳವನ್ನೂ ಆಡಲಿ. ಆದರೆ 'ನೀನು ಇಂಥವನು' ಅನ್ನುವ ಮಾತು ಬಂದ ಕೂಡಲೇ ನಿಮ್ಮಪ್ಪ ಎದ್ದು ಟೀವಿ ಹಾಕಿಬಿಡಲಿ.

ಇವರು ಮಗಳ ಹತ್ತಿರ ಮಾತಾಡಿದರು. ಏನು ಹೇಳಿದರು ಅಂತ ನಾನು ಕೇಳಲಿಲ್ಲ, ನಿದ್ದೆ ಬರುತ್ತಿದೆ ಅಂದರು. ಅಷ್ಟರಲ್ಲಿ ಸುಪ್ರೀಂ ಕೋರ್ಟ್ ಆ ಮೀಸಲಾತಿ ತೀರ್ಮಾನವನ್ನು ಪ್ರಶ್ನಿಸಿತ್ತು, ಸರ್ಕಾರವೇ ಸದ್ಯಕ್ಕೆ ಜಾರಿ ಮಾಡಲ್ಲ ಅಂತ ಹೇಳಿತ್ತು. ಮೇ 13ರ ಫಲಿತಾಂಶದಲ್ಲಿ ಕಾಂಗ್ರೆಸ್‌ಗೆ 135 ಬಂತು. ನಾಮಕರಣ ಅದಾದ ಮುಂದಿನ ವಾರ. ಇವರು ಹೋದರು. ಬಾಮೈದ ಗೆದ್ದ ಖುಷಿಯಲ್ಲಿ ಕೆಣಕಿದನಂತೆ, ಇವರು "ಪಂಕ್ಚರ್ ಅಂದಿದ್ದು ತಪ್ಪು ಕಣಪ್ಪ, ಓಟು ಮಾತ್ರ ಕಮಲಕ್ಕೇ ಹಾಕಿದ್ದು" ಅಂದರಂತೆ. ಅವನಿಗೆ ಇದು ಸಾಲದು. ಭಾವ ಪೂರ್ತಿ ಬದಲಾಗಿಲ್ಲವಲ್ಲ ಮೇಡಂ ಅಂತ ಫೋನ್ ಮಾಡಿದ್ದ. ಓಟು ಬದಲಿಸುವುದು ನನ್ನ ಕೆಲಸ ಅಲ್ಲಪ್ಪ ಅಂದೆ.