ಎಡಗೈಯವರ ಮೆದುಳು ಬಲಗೈಯವರ ಮೆದುಳಿನ ಪ್ರತಿಬಿಂಬವೇ?

ಎಡಗೈಯಲ್ಲಿ ಬರೆಯುವ ನಿಮ್ಮ ಮಗಳ ಮೆದುಳು ಬಲಗೈಯವರ ಮೆದುಳಿನ ಪ್ರತಿಬಿಂಬದಂತೆ ಕೆಲಸ ಮಾಡುತ್ತದೆಯೇ, ಬಲಗೈಗೆ ರೂಢಿ ಮಾಡಿಸಿದರೆ ಅದು ಬದಲಾಗುತ್ತದೆಯೇ ಎಂದು ಕೇಳಿದ್ದೀರಿ.

ಮೆದುಳಿನಿಂದ ಕೈಗೆ ಆಜ್ಞೆ ಒಯ್ಯುವ ನರತಂತುಗಳಲ್ಲಿ ಹೆಚ್ಚಿನವು ಬೆನ್ನುಹುರಿಯನ್ನು ಸೇರುವ ಮುನ್ನವೇ ಒಂದು ಬದಿಯಿಂದ ಇನ್ನೊಂದಕ್ಕೆ ದಾಟುವುದರಿಂದ, ಎಡಗೈಯನ್ನು ಮುಖ್ಯವಾಗಿ ಮೆದುಳಿನ ಬಲಭಾಗವೂ ಬಲಗೈಯನ್ನು ಎಡಭಾಗವೂ ನಡೆಸುತ್ತವೆ. ಇದು ಎಲ್ಲರಲ್ಲೂ ಒಂದೇ. ವ್ಯತ್ಯಾಸ ಕಾಣುವುದು ಚಲಿಸುವ ಕೈಯ ಬದಿಯಲ್ಲೇ ಇರುವ ಮೆದುಳಿನ ಭಾಗ ಎಷ್ಟರ ಮಟ್ಟಿಗೆ ಪಾಲ್ಗೊಳ್ಳುತ್ತದೆ ಎಂಬುದರಲ್ಲಿ. 1993ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಎಫ್‌ಎಂಆರ್‌ಐ (ಮೆದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಅಧ್ಯಯನವೊಂದರಲ್ಲಿ, ಬೆರಳುಗಳನ್ನು ಆಡಿಸಿದಾಗ ಬಲಬದಿಯ ಮೋಟಾರ್ ಕಾರ್ಟೆಕ್ಸ್ (ಚಲನೆಯನ್ನು ನಡೆಸುವ ಮೆದುಳಿನ ಹೊರಪದರ) ಬಹುಮಟ್ಟಿಗೆ ಎಡಗೈಯ ಚಲನೆಗೇ ಸ್ಪಂದಿಸಿತು. ಆದರೆ ಎಡಬದಿಯದು ಎಡಗೈ ಚಲಿಸುವಾಗಲೂ ಗಮನಾರ್ಹವಾಗಿ ಸಕ್ರಿಯವಾಗಿತ್ತು, ಅದೂ ಎಡಗೈಯವರಿಗಿಂತ ಬಲಗೈಯವರಲ್ಲಿ ಇನ್ನೂ ಹೆಚ್ಚಾಗಿ. ಎರಡು ಗುಂಪಿನಲ್ಲೂ ಎಡಭಾಗಕ್ಕೇ ಈ ಗುಣವಿರುವುದರಿಂದ ಪ್ರತಿಬಿಂಬದ ಹೋಲಿಕೆ ನಿಲ್ಲುವುದಿಲ್ಲ. ಭಾಷೆಯ ವಿಷಯವೂ ಹಾಗೆಯೇ: ಎಡಗೈಯವರಲ್ಲಿ ಸುಮಾರು 70 ಪ್ರತಿಶತ ಜನರಿಗೆ ಭಾಷೆಯ ಕೇಂದ್ರಗಳು ಎಡಭಾಗದಲ್ಲೇ ಇರುತ್ತವೆ.

ಎರಡನೆಯ ಪ್ರಶ್ನೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಬಾಲ್ಯದಲ್ಲಿ ಒತ್ತಾಯದಿಂದ ಬಲಗೈಗೆ ಬದಲಾದ ವಯಸ್ಕರು ಬಲಗೈಯಲ್ಲಿ ಬರೆಯುವಾಗಲೂ, ಚಲನೆಯನ್ನು ಯೋಜಿಸುವ ಬಲಭಾಗದ ಪ್ರದೇಶಗಳು ಸಕ್ರಿಯವಾಗಿಯೇ ಇರುವುದು 2002ರ ಪೆಟ್ ಸ್ಕ್ಯಾನ್ (ಮೆದುಳಿನ ಚಟುವಟಿಕೆಯನ್ನು ತೋರಿಸುವ ಇನ್ನೊಂದು ಬಗೆಯ ಸ್ಕ್ಯಾನ್) ಅಧ್ಯಯನದಲ್ಲಿ ಕಂಡುಬಂದಿದೆ. ಎಂದರೆ ಹತ್ತಾರು ವರ್ಷಗಳ ರೂಢಿಯೂ ಮೂಲ ಒಲವನ್ನು ಅಳಿಸಿಲ್ಲ. ಆದ್ದರಿಂದ ದಯವಿಟ್ಟು ಮಗಳ ಕೈಯನ್ನು ಬದಲಿಸಲು ಹೋಗಬೇಡಿ. ಕನ್ನಡವನ್ನು ಎಡದಿಂದ ಬಲಕ್ಕೆ ಬರೆಯುವಾಗ ಆಕೆಯ ಕೈ ಬರೆದ ಅಕ್ಷರಗಳನ್ನು ಮುಚ್ಚುತ್ತದೆ. ನೋಟ್‌ಬುಕ್ಕಿನ ಮೇಲಂಚು ಬಲಕ್ಕೆ ವಾಲುವಂತೆ ಸ್ವಲ್ಪ ಓರೆಯಾಗಿಟ್ಟರೆ ಆ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ.