ಎರಡು ಸಲ ಜಂತಿನ ಔಷಧಿ ಕುಡಿಸಿದರೂ ಈದ ಕುರಿಗಳ ದವಡೆ ಕೆಳಗೆ ಬಾವು (ಜಗಳೂರು ಕಡೆ)

ಕುರಿಗಳಿಗೆ ಬರೀ ಮೆಕ್ಕೆಜೋಳದ ಸಪ್ಪೆ (ಒಣಗಿದ ದಂಟು) ಹಾಕ್ತಿದ್ದೀನಿ ಅಂದಿರಲ್ಲ, ಈ ಬಾವಿನ ಮೂಲ ಅಲ್ಲೇ ಇರಬೇಕು. ಸಪ್ಪೆಯಲ್ಲಿ ಹೊಟ್ಟೆ ತುಂಬುತ್ತೆ, ಪ್ರೋಟೀನ್ ಸಿಗಲ್ಲ. ಈಯುವ ಹೊತ್ತಿಗೆ ಕುರಿಯ ಮೈಯಲ್ಲಿ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರುತ್ತೆ. ಕೊಬ್ಬು ಕರಗಿದಂತೆ, ಆ ಕೊಬ್ಬಿನಿಂದಲೇ ಬರುವ ಲೆಪ್ಟಿನ್ ಹಾರ್ಮೋನ್ ಇಳಿಯುತ್ತೆ. ಇರೋ ಅಷ್ಟಿಷ್ಟು ಪ್ರೋಟೀನ್ ಹಾಲಿಗೆ ಹೋಗಿ, ಜಂತು ತಡೆಯುವ ಶಕ್ತಿ ಕುಸಿಯುತ್ತೆ; ಜಂತು ರಕ್ತ ಹೀರಿದಂತೆ ದವಡೆ ಕೆಳಗೆ ನೀರು ತುಂಬಿ ಬಾವು ಬರುತ್ತೆ. ಒಂಟಿ ಮರಿ ಹಾಕಿದ್ದಕ್ಕಿಂತ ಅವಳಿ ಹಾಕಿದ ಕುರಿಗೆ ಇದು ಜಾಸ್ತಿ, ನಿಮ್ಮಲ್ಲೂ ಹಾಗೇ ಇದೆಯಾ ನೋಡಿ.

ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಕೆಂಪಗಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ರಕ್ತ ಹೀರುವ ಜಂತು ಇರಬಹುದು, ಅಂಥವನ್ನು ಬೇರೆ ಕಟ್ಟಿ ಅವತ್ತೇ ಡಾಕ್ಟರಿಗೆ ತೋರಿಸಿ. ಯಕೃತ್ತಿನ ಹುಳದಿಂದಲೂ ಇದೇ ಬಾವು ಬರುತ್ತೆ, ಅದರ ಔಷಧಿ ಬೇರೆ. ಅದಕ್ಕೇ ನಾಲ್ಕೈದು ಕುರಿಯ ತಾಜಾ ಹಿಕ್ಕೆ ಕವರಿನಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ. ಪರೀಕ್ಷೆ ಆಗೋವರೆಗೆ ಅದೇ ಔಷಧಿಯನ್ನು ಸುಮ್ನೆ ಮೂರನೇ ಸಲ ಕುಡಿಸಬೇಡಿ. ಕಣ್ಣಂದಾಜಿನಲ್ಲಿ ಕುಡಿಸಿದ್ದರೆ ಡೋಸ್ ಕಮ್ಮಿ ಬಿದ್ದಿರಲೂಬಹುದು, ತೂಕ ಹಾಕಿ.

ಇವತ್ತಿನಿಂದಲೇ ಶೇಂಗಾ ಹಿಂಡಿ ಶುರು ಮಾಡಿ. ಒಂದು ಹಿಡಿಯಿಂದ ಹೆಚ್ಚಿಸುತ್ತಾ ಒಂದು ಕುರಿಗೆ ದಿನಕ್ಕೆ 150 ಗ್ರಾಂವರೆಗೆ ಕೊಡಿ. ಮುಗ್ಗಲು ವಾಸನೆ ಬಂದ ಹಿಂಡಿ ಮಾತ್ರ ಬೇಡವೇ ಬೇಡ, ಬೂಷ್ಟಿನ ವಿಷ ಯಕೃತ್ತಿಗೇ ಹೊಡೆಯುತ್ತೆ. ಜೊತೆಗೆ ಶೇಂಗಾ ಹೊಟ್ಟು ಸಿಕ್ಕರೆ ಸಪ್ಪೆಗೆ ಬೆರೆಸಿ. ಇನ್ನೂ ಈಯದ ಗಬ್ಬದ ಕುರಿಗಳಿಗೆ ಕೊನೆಯ ಆರು ವಾರ ಹಿಂಡಿ ಸೇರಿಸಿದ ಇದೇ ಮೇವು ಕೊಡಿ.