ಪ್ರತಿಕ್ರಿಯೆ: ರೇಷ್ಮೆ ಹುಳುವಿನ ಪೆಬ್ರಿನ್ ರೋಗಕ್ಕೆ ಔಷಧಿ ಇದೆಯೇ?

ಮೂರನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದರೂ ರೇಷ್ಮೆ ಹುಳುಗಳು ಒಂದೇ ಅಳತೆಗೆ ಬಂದಿಲ್ಲ, ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳಿವೆ, ಯಾವ ಔಷಧಿ ಕೊಡಲಿ ಎಂದು ಕೇಳಿದ್ದೀರಿ. ನೀವು ಹೇಳುವ ಲಕ್ಷಣ ಪೆಬ್ರಿನ್‌ನದೇ ಇರಬಹುದು. ಆದರೆ ಚುಕ್ಕೆ ನೋಡಿಯೇ ತೀರ್ಮಾನಿಸಬೇಡಿ, ಒಂದಷ್ಟು ಹುಳುಗಳನ್ನು ಇವತ್ತೇ ಸೂಕ್ಷ್ಮದರ್ಶಕದ ಪರೀಕ್ಷೆಗೆ ಕೊಡಿ.

ಪೆಬ್ರಿನ್ ಖಚಿತವಾದರೆ, ಬೇಸರದ ಮಾತಾದರೂ ಹೇಳಲೇಬೇಕು: ಸೋಂಕು ತಗಲಿದ ಹುಳು ಉಳಿಸುವ ಔಷಧಿ ಇಲ್ಲ. ಇದನ್ನು ತರುವುದು ನೊಸೆಮಾ ಬಾಂಬಿಸಿಸ್ ಎಂಬ ಪರಾವಲಂಬಿ. ಅದರ ಬೀಜಾಣು ಸುಮಾರು 3ರಿಂದ 4 ಮೈಕ್ರಾನ್ ಉದ್ದ, ಹೊಳೆಯುವ ಮೊಟ್ಟೆಯಾಕಾರ. ರೋಗದ ಹುಳುವಿನ ಹಿಕ್ಕೆ ಬಿದ್ದ ಸೊಪ್ಪು ತಿಂದ ಹುಳುವಿನ ಕರುಳಿಗೆ ಇಳಿದು ಅಲ್ಲಿಂದ ಮೈಯೆಲ್ಲ ಹರಡುತ್ತದೆ. ಇದಕ್ಕಿಂತ ಅಪಾಯ, ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಕ್ಕೇ ದಾಟುವುದು. ಅಂಥ ಮೊಟ್ಟೆಯಿಂದ ಬಂದ ಮರಿ ಹುಟ್ಟುವಾಗಲೇ ರೋಗಿ. ಲೂಯಿ ಪಾಶ್ಚರ್ 1865ರಿಂದ ಫ್ರಾನ್ಸಿನಲ್ಲಿ ಇದರ ಹಿಂದೆ ಬಿದ್ದು, ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಪರೀಕ್ಷಿಸಿ, ಬೀಜಾಣು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶಪಡಿಸುವ ಕ್ರಮ ತಂದರು. ಇಂದಿಗೂ ನಮ್ಮನ್ನು ಕಾಯುತ್ತಿರುವುದು ಅದೇ.

ಹಾಗಾಗಿ ಈ ಬೆಳೆಯ ಗೂಡನ್ನು ದಯವಿಟ್ಟು ಬಿತ್ತನೆಗೆ, ಅಂದರೆ ಮೊಟ್ಟೆ ಪಡೆಯಲು, ಇಡಬೇಡಿ. ಹುಳು, ಹಿಕ್ಕೆ, ಉಳಿದ ಸೊಪ್ಪು ಎಲ್ಲ ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ತಟ್ಟೆ, ಚಂದ್ರಿಕೆ (ಹುಳು ಗೂಡು ಕಟ್ಟುವ ಚೌಕಟ್ಟು), ಹುಳು ಸಾಕುವ ಮನೆ ತೊಳೆದು ಸೋಂಕು ನಿವಾರಕ ಹೊಡೆದ ಮೇಲಷ್ಟೇ ಪರೀಕ್ಷಿತ ರೋಗರಹಿತ ಮೊಟ್ಟೆ ತನ್ನಿ.